ಹತ್ತನೆಯ ಕಿಟಕಿ

ಹಳೆಯ ಇಟ್ಟಿಗೆಯ ಮನೆಗೆ ಹೊಸದೊಂದು ಕಿಟಕಿಯನ್ನಿಡುವುದು ನೋಡುವವರಿಗೆ ಅಲ್ಪ ಕಾರ್ಯ. ಗಾರೆಯವನು ಮೇಲಣ ಭಾರಕ್ಕೆ ಆಸರೆಗೊಟ್ಟು, ಬೇಕಾದಷ್ಟು ಇಟ್ಟಿಗೆಯನ್ನು ಬಿಡಿಸಿ, ತೆರಪಿನ ಮೇಲೆ ಕಮಾನನ್ನೋ ತೊಲೆಯನ್ನೋ ಕೂರಿಸಿ, ಚೌಕಟ್ಟನ್ನು ನಿಲ್ಲಿಸಿದರೆ ಕೆಲಸ ಮುಗಿಯಿತು. ಆದರೆ ಇಂಗ್ಲೆಂಡಿನಲ್ಲಿ ನೂರೈವತ್ತು ವರ್ಷಗಳಿಗೂ ಹೆಚ್ಚು ಕಾಲ ಇದು ಗೃಹಸ್ಥನ ಇಷ್ಟಕ್ಕೆ ಮಾತ್ರ ಸೇರಿದ ಸಂಗತಿಯಾಗಿರಲಿಲ್ಲ. ಗೋಡೆಗೆ ಉಳಿಯನ್ನು ಮುಟ್ಟಿಸುವ ಮೊದಲು ಅವನು ತನ್ನ ಮನೆಯ ಕಿಟಕಿಗಳನ್ನು ಎಣಿಸಿಕೊಳ್ಳಬೇಕಾಗಿದ್ದಿತು. ಏಕೆಂದರೆ ಸರ್ಕಾರದ ಅಧಿಕಾರಿಯೂ ಅವನ್ನೇ ಎಣಿಸುತ್ತಿದ್ದನು.

೧೬೬೬ನೆಯ ಇಸವಿಯ ಮಹಾಗ್ನಿಯಲ್ಲಿ ಲಂಡನ್ ನಗರದ ಬಹುಭಾಗವು ಬೆಂದುಹೋಯಿತು. ಮರುವರ್ಷದ ಶಾಸನವು ಹೊಸ ಮನೆಗಳ ಹೊರಗೋಡೆಗಳು ಇಟ್ಟಿಗೆ ಅಥವಾ ಕಲ್ಲಿನವೇ ಆಗಿರತಕ್ಕದ್ದೆಂದು ವಿಧಿಸಿತು. ೧೭೦೯ರ ಶಾಸನವು ಕಿಟಕಿಯ ಮರದ ಚೌಕಟ್ಟು ಗೋಡೆಯ ಹೊರಮೈಯಿಂದ ನಾಲ್ಕು ಅಂಗುಲ ಒಳಗಿರಬೇಕೆಂದಿತು. ಇವೆಲ್ಲವೂ ಬೆಂಕಿಯ ಭಯದಿಂದ ಹುಟ್ಟಿದ ನಿಯಮಗಳು. ಪ್ರಜೆಯ ಹಿತವೇ ಇವುಗಳ ಉದ್ದೇಶ. ಈ ನಡುವೆ ಬಂದ ಮತ್ತೊಂದು ಶಾಸನದ ಉದ್ದೇಶವು ಬೇರೆಯಾಗಿತ್ತು.

ಅದಕ್ಕೆ ಮುಂಚೆ ಆ ದೇಶದಲ್ಲಿ ಒಲೆತೆರಿಗೆಯೆಂಬುದಿದ್ದಿತು. ಒಲೆಗಳನ್ನೆಣಿಸಲು ಅಧಿಕಾರಿಗಳು ಮನೆಯೊಳಕ್ಕೆ ನುಗ್ಗುತ್ತಿದ್ದುದರಿಂದ ಜನರು ಅದನ್ನು ದ್ವೇಷಿಸಿದರು. ೧೬೮೯ರಲ್ಲಿ ಅದು ರದ್ದಾಯಿತು. ೧೬೯೬ರಲ್ಲಿ ಮೂರನೆಯ ವಿಲಿಯಂ ದೊರೆಯ ಸರ್ಕಾರಕ್ಕೆ, ಅಂಚು ಕತ್ತರಿಸಿದ ಬೆಳ್ಳಿಯ ನಾಣ್ಯಗಳನ್ನು ಹೊಸದಾಗಿ ಟಂಕಿಸುವ ವೆಚ್ಚಕ್ಕೆ ಹಣ ಬೇಕಾಯಿತು. ಆಗ ಹೊಳೆದ ಉಪಾಯವೇ ಕಿಟಕಿತೆರಿಗೆ. ಕಿಟಕಿಗಳನ್ನು ಬೀದಿಯಲ್ಲಿ ನಿಂತೇ ಎಣಿಸಬಹುದು. ಯಾರ ಹೊಸ್ತಿಲನ್ನೂ ದಾಟಬೇಕಾಗಿಲ್ಲ. ದೊಡ್ಡ ಮನೆಗೆ ಕಿಟಕಿಗಳು ಹೆಚ್ಚು, ಆದುದರಿಂದ ಧನಿಕನು ಹೆಚ್ಚು ಕೊಡುವನೆಂಬುದು ಅವರ ತರ್ಕ.

ತರ್ಕವು ಎಡವಿದುದು ಲೆಕ್ಕದಲ್ಲಿ. ೧೭೪೭ರ ತಿದ್ದುಪಡಿಯ ಪ್ರಕಾರ ಮನೆಯೊಂದಕ್ಕೆ ೨ ಷಿಲಿಂಗಿನ ಮೂಲ ತೆರಿಗೆಯಲ್ಲದೆ, ೧೦ರಿಂದ ೧೪ ಕಿಟಕಿಗಳುಳ್ಳ ಮನೆಗೆ ಕಿಟಕಿಯೊಂದಕ್ಕೆ ೬ ಪೆನ್ನಿ, ೧೫ರಿಂದ ೧೯ ಇದ್ದರೆ ೯ ಪೆನ್ನಿ, ೨೦ ಅಥವಾ ಅದಕ್ಕೆ ಮೇಲ್ಪಟ್ಟಿದ್ದರೆ ೧ ಷಿಲಿಂಗು, ಅಂದರೆ ೧೨ ಪೆನ್ನಿ. ಒಂಬತ್ತು ಕಿಟಕಿಯವನಿಗೆ ಈ ಹೆಚ್ಚುವರಿಯ ಬಾಧೆಯಿಲ್ಲ. ಅವನು ಕತ್ತಲೆಯ ಕೋಣೆಯೊಂದಕ್ಕೆ ಹತ್ತನೆಯ ಕಿಟಕಿಯನ್ನು ತೆರೆದನೋ, ಹತ್ತಕ್ಕೂ ತೆರಿಗೆ ಬಿದ್ದು ವರ್ಷಂಪ್ರತಿ ೫ ಷಿಲಿಂಗು ಹೆಚ್ಚಾಗಿ ತೆರಬೇಕಾಯಿತು! ಹದಿನೈದನೆಯದಕ್ಕೆ ೪ ಷಿಲಿಂಗು ೩ ಪೆನ್ನಿಯೂ ಇಪ್ಪತ್ತನೆಯದಕ್ಕೆ ೫ ಷಿಲಿಂಗು ೯ ಪೆನ್ನಿಯೂ ಹೀಗೆಯೇ ಏರಿದವು. ಇದರ ಫಲವನ್ನು ಷ್ರಾಪ್‌ಷೈರ್ ಪ್ರಾಂತದಲ್ಲಿ ಉಳಿದುಬಂದಿರುವ ಆ ಕಾಲದ ತೆರಿಗೆಪಟ್ಟಿಗಳಲ್ಲಿ ಕಾಣಬಹುದು: ೯, ೧೪, ೧೯ ಕಿಟಕಿಗಳ ಮನೆಗಳು ಹೇರಳ, ೧೦, ೧೫, ೨೦ರವು ವಿರಳ. ಹೊಸ ಕಿಟಕಿಯ ಮಾತಂತಿರಲಿ, ಇದ್ದವನ್ನೂ ಜನರು ಇಟ್ಟಿಗೆಯಿಂದ ಮುಚ್ಚಿದರು. ಹಾಲಿನ ಮತ್ತು ಗಿಣ್ಣಿನ ಉಗ್ರಾಣಗಳಿಗೆ ವಿನಾಯಿತಿ ದೊರೆತ ಮೇಲೆ, ಅವುಗಳ ಕಿಟಕಿಯ ಮೇಲೆ ಆ ಹೆಸರನ್ನು ಬರೆದಿಡುವ ಪದ್ಧತಿಯೂ ಬೆಳೆಯಿತು.

ಈ ತೆರಿಗೆಯು ಐಶ್ವರ್ಯವನ್ನು ಅಳೆಯುವ ಕೋಲಲ್ಲವೆಂಬುದನ್ನು ಆಡಂ ಸ್ಮಿತ್ ೧೭೭೬ರಲ್ಲಿಯೇ ತೋರಿಸಿದನು: ಹಳ್ಳಿಯೂರಿನಲ್ಲಿ ಹತ್ತು ಪೌಂಡು ಬಾಡಿಗೆಯ ಮನೆಗೆ, ಲಂಡನ್ನಿನಲ್ಲಿ ಐನೂರು ಪೌಂಡು ಬಾಡಿಗೆಯ ಮನೆಗಿಂತ ಹೆಚ್ಚು ಕಿಟಕಿಗಳಿರಬಹುದು. ನಗರಗಳ ಬಡವರಿಗಾದ ಹಾನಿಯು ಇನ್ನೂ ದಾರುಣವಾದುದು. ಹಲವು ಸಂಸಾರಗಳು ಕೋಣೆಗೊಂದರಂತೆ ವಾಸಿಸುವ ದೊಡ್ಡ ಕಟ್ಟಡವನ್ನು ಕಾನೂನು ಒಂದೇ ಮನೆಯೆಂದು ಎಣಿಸಿತು. ತೆರಿಗೆ ತೆರುವವನು ಮಾಲೀಕ. ಕಿಟಕಿಯನ್ನು ಮುಚ್ಚುವವನೂ ಅವನೇ. ಕತ್ತಲೆಯಲ್ಲಿ ಮಕ್ಕಳನ್ನು ಸಾಕುವವರು ಮಾತ್ರ ಬೇರೆಯವರು. ಗಾಳಿಬೆಳಕುಗಳಿಲ್ಲದ ಆ ಕೋಣೆಗಳು ರೋಗದ ಬೀಡಾದವೆಂದು ವೈದ್ಯರು ೧೮೪೦ರ ದಶಕದಲ್ಲಿ ಪಟ್ಟಣಗಳ ಆರೋಗ್ಯವನ್ನು ವಿಚಾರಿಸಿದ ಆಯೋಗದ ಮುಂದೆ ಸಾಕ್ಷ್ಯ ನುಡಿದರು.

ಕಿಟಕಿಯೊಂದೇ ಅಲ್ಲ, ಅದರ ಸಾಮಗ್ರಿಯೂ ಸುಂಕಕ್ಕೆ ಒಳಪಟ್ಟಿತ್ತು. ಗಾಜಿಗೆ ೧೭೪೬ರಿಂದಲೂ ಇಟ್ಟಿಗೆಗೆ ೧೭೮೪ರಿಂದಲೂ ಸುಂಕವಿದ್ದಿತು. ಗಾಜಿನ ಸುಂಕವು ೧೮೪೫ರಲ್ಲಿಯೂ ಇಟ್ಟಿಗೆಯದು ೧೮೫೦ರಲ್ಲಿಯೂ ಕೊನೆಗೊಂಡು, ೧೮೫೧ರಲ್ಲಿ ಕಿಟಕಿತೆರಿಗೆಯೇ ತೊಲಗಿತು. ಆರು ವರ್ಷಗಳಲ್ಲಿ ಗಾಜು, ಇಟ್ಟಿಗೆ, ಬೆಳಕು ಮೂರಕ್ಕೂ ಬಿಡುಗಡೆಯಾಯಿತು.

ಸರ್ಕಾರದ ಲೆಕ್ಕವು ಮುಗಿದರೂ ನೆರೆಯವನ ಹಕ್ಕು ಉಳಿಯಿತು. ೧೮೩೨ರ ಶಾಸನದಂತೆ, ಕಿಟಕಿಯೊಂದು ಇಪ್ಪತ್ತು ವರ್ಷ ಅಡ್ಡಿಯಿಲ್ಲದೆ ಬೆಳಕನ್ನು ಪಡೆದರೆ ಆ ಬೆಳಕು ಅದರ ಹಕ್ಕಾಗುತ್ತದೆ; ಹೊಸ ಕಿಟಕಿಗಾದರೋ ಅಂತಹ ರಕ್ಷಣೆಯಿಲ್ಲ. ಇದೇ ತತ್ತ್ವವನ್ನು ನಮ್ಮ ದೇಶದಲ್ಲಿ ೧೮೮೨ರ ಈಸ್‌ಮೆಂಟ್ ಕಾಯಿದೆಯೂ ವಿಧಿಸಿತು. ಮದರಾಸು ಆಧಿಪತ್ಯಕ್ಕೂ ಕೊಡಗಿಗೂ ಅದು ಮೊದಲಿಗೇ ಅನ್ವಯಿಸಿದುದರಿಂದ, ಮಂಗಳೂರು, ಬಳ್ಳಾರಿ, ಮಡಿಕೇರಿಗಳ ಮನೆಗಳಲ್ಲಿಯೂ ಕಿಟಕಿಯ ಹಕ್ಕನ್ನು ಇಪ್ಪತ್ತು ವರ್ಷಗಳ ಎಣಿಕೆಯಿಂದ ನಿರ್ಣಯಿಸುವಂತಾಯಿತು.

ಇಂಗ್ಲೆಂಡಿನ ಹಳೆಯ ಬೀದಿಗಳಲ್ಲಿ ಮುಚ್ಚಿದ ಕಿಟಕಿಗಳು ಇಂದಿಗೂ ಕಾಣಸಿಗುತ್ತವೆ. ಅವೆಲ್ಲವೂ ತೆರಿಗೆಯ ಗುರುತಲ್ಲ. ಮುಖಭಾಗದ ಸಮತೆಗಾಗಿ ಮೊದಲಿನಿಂದಲೇ ಕುರುಡಾಗಿ ಕಟ್ಟಿದವೂ ಉಂಟು. ಆದರೆ ಮೇಲೆ ಕಮಾನು ಹಾಗೆಯೇ ಉಳಿದು, ಎರಡು ಪಕ್ಕಗಳಲ್ಲಿ ಇಟ್ಟಿಗೆಯ ಸಾಲುಗಳು ಒಂದಕ್ಕೊಂದು ಹೆಣೆಯದೆ ನೆಟ್ಟಗೆ ಬಿರಿದಂತಿದ್ದರೆ, ಅಲ್ಲಿ ಒಮ್ಮೆ ಬೆಳಕು ಬರುತ್ತಿದ್ದಿತು. ಅಂತಹ ಕಿಟಕಿಯನ್ನು ಮತ್ತೆ ತೆರೆಯುವ ಗಾರೆಯವನಿಗೆ ಹೊಸ ಕಮಾನನ್ನು ಕಟ್ಟುವ ಶ್ರಮವಿಲ್ಲ. ಹಿಂದಿನವನು ಕಟ್ಟಿದ್ದು ಇನ್ನೂ ಭಾರವನ್ನು ಹೊತ್ತೇ ಇದೆ.