62ರಿಂದ 64ಕ್ಕೆ: ಎರಡು ವರ್ಷ ಜಾಸ್ತಿ ದುಡೀರಿ ಅಂದಿದ್ದಕ್ಕೆ ಫ್ರಾನ್ಸ್ ಬೀದಿಗಿಳಿದಿದ್ದು ಯಾಕೆ?

ನಿವೃತ್ತಿ ವಯಸ್ಸು ಅಂದ್ರೆ ನಮ್ಮ ಕಡೆ ಅದು ಸರ್ಕಾರಿ ನೌಕರರ ವಿಷಯ. ರಾಜ್ಯ ಸರ್ಕಾರಿ ನೌಕರರಿಗೆ 60 ತುಂಬಿತು, ಶಾಲು ಹೊದಿಸಿ ಹಾರ ಹಾಕಿ ಕಳಿಸಿಕೊಟ್ಟರು, ಮುಗೀತು. ಅಂಗಡಿ ಇಟ್ಟವರಿಗೆ, ಗಾರೆ ಕೆಲಸದವರಿಗೆ ಆ ಲೆಕ್ಕವೇ ಇಲ್ಲ.

ಫ್ರಾನ್ಸ್‌ನಲ್ಲಿ ಹಾಗಲ್ಲ. ಅಲ್ಲಿ ಕಾರ್ಖಾನೆ ಕಾರ್ಮಿಕ, ನರ್ಸ್, ಲಾರಿ ಡ್ರೈವರ್, ಸ್ವಂತ ಅಂಗಡಿಯವರು ಎಲ್ಲರೂ ಪಿಂಚಣಿಗೆ ವಂತಿಗೆ ಕಟ್ಟುತ್ತಾರೆ, ಎಲ್ಲರಿಗೂ ಪಿಂಚಣಿ ಬರುತ್ತದೆ. ಅಲ್ಲಿನ ನಿವೃತ್ತಿ ವಯಸ್ಸು ಅಂದ್ರೆ ಮನೆಗೆ ಕಳಿಸುವ ವಯಸ್ಸಲ್ಲ, 'ಇದಕ್ಕಿಂತ ಮೊದಲು ಪಿಂಚಣಿ ಕೇಳುವಂತಿಲ್ಲ' ಅನ್ನೋ ವಯಸ್ಸು. ಅದನ್ನು 62ರಿಂದ 64ಕ್ಕೆ ಏರಿಸುತ್ತೇವೆ ಅಂತ ಪ್ರಧಾನಿ ಎಲಿಜಬೆತ್ ಬೋರ್ನ್ 2023ರ ಜನವರಿ 10ರಂದು ಪ್ರಕಟಿಸಿದರು. ವಯಸ್ಸು ಏರಿಸುವ ಮಾತನ್ನು ಅಧ್ಯಕ್ಷ ಎಮ್ಯಾನುಯೆಲ್ ಮ್ಯಾಕ್ರನ್ ಚುನಾವಣೆಯಲ್ಲೇ ಹೇಳಿದ್ದರು. ಆದರೂ ಜನ ಒಪ್ಪಲಿಲ್ಲ. ಸಮೀಕ್ಷೆಗಳಲ್ಲಿ ಮೂರರಲ್ಲಿ ಎರಡು ಪಾಲು ಜನ ವಿರೋಧವೇ ಇದ್ದರು.

ಸರ್ಕಾರದ ವಾದ

ಅಲ್ಲಿ ಈಗ ದುಡಿಯುವವರು ಕಟ್ಟುವ ದುಡ್ಡೇ ಈಗಿನ ವೃದ್ಧರಿಗೆ ಪಿಂಚಣಿಯಾಗಿ ಹೋಗುತ್ತದೆ. ಪ್ರತಿಯೊಬ್ಬರ ಹೆಸರಲ್ಲಿ ಬೇರೆ ಗಂಟು ಕಟ್ಟಿಟ್ಟಿರೋದಿಲ್ಲ. 1960ರ ದಶಕದಲ್ಲಿ ಒಬ್ಬ ಪಿಂಚಣಿದಾರರಿಗೆ ಸುಮಾರು 4 ಜನ ದುಡಿಯುವವರಿದ್ದರು. ಈಗ ಆ ಲೆಕ್ಕ 1.7ಕ್ಕೆ ಇಳಿದಿದೆ. ಕೊಡುವ ಕೈ ಕಡಿಮೆ, ತಗೊಳ್ಳುವ ಕೈ ಜಾಸ್ತಿ. ಹಾಗಾಗಿ ಎರಡು ವರ್ಷ ಹೆಚ್ಚು ದುಡಿಯದೆ ಗತಿಯಿಲ್ಲ ಅಂತ ಸರ್ಕಾರ ಹೇಳಿತು.

ಈ ಲೆಕ್ಕವನ್ನು ಸಂಘಗಳು ಪೂರ್ತಿ ತಳ್ಳಿಹಾಕಲಿಲ್ಲ. ದೊಡ್ಡ ಕಂಪನಿಗಳಿಂದ, ಶ್ರೀಮಂತರಿಂದ ಸ್ವಲ್ಪ ಹೆಚ್ಚು ತಗೊಳ್ಳಿ, ನಮ್ಮ ವಯಸ್ಸೇ ಯಾಕೆ ಬೇಕು ಅಂತ ಕೇಳಿದವು.

ಸಿಟ್ಟು ಎಲ್ಲಿಂದ ಬಂತು?

ಪೂರ್ತಿ ಪಿಂಚಣಿ ಬೇಕಾದರೆ ವಯಸ್ಸು ಮಾತ್ರ ಸಾಲದು, 43 ವರ್ಷ ವಂತಿಗೆಯೂ ಕಟ್ಟಿರಬೇಕು. ಈಗ ಇಬ್ಬರನ್ನು ಪಕ್ಕಪಕ್ಕ ನಿಲ್ಲಿಸಿ ನೋಡಿ. ಒಬ್ಬರು ಡಿಗ್ರಿ, ಅದರ ಮೇಲೆ ಇನ್ನೊಂದು ಕೋರ್ಸು ಮುಗಿಸಿ 24ಕ್ಕೆ ಕೆಲಸಕ್ಕೆ ಸೇರಿದವರು. 24ಕ್ಕೆ 43 ಕೂಡಿಸಿದರೆ 67. ಅವರಿಗೆ ಮಿತಿ 62 ಆದರೂ ಅಷ್ಟೇ, 64 ಆದರೂ ಅಷ್ಟೇ. ಇನ್ನೊಬ್ಬರು ಓದು ಅಲ್ಲಿಗೇ ಬಿಟ್ಟು 18ಕ್ಕೇ ಗೋದಾಮಿಗೆ ಸೇರಿದವರು. ಅವರ 43 ವರ್ಷ 61ಕ್ಕೇ ಮುಗಿಯುತ್ತೆ. ಬೇಗ ಕೆಲಸಕ್ಕೆ ಸೇರಿದವರಿಗೆ ಕಾನೂನಿನಲ್ಲಿ ವಿನಾಯಿತಿ ಇತ್ತು ನಿಜ. ಆದರೆ 18ಕ್ಕೆ ಸೇರಿದವರು ಆ ವಿನಾಯಿತಿಯಲ್ಲೂ 62ರವರೆಗೆ ಕಾಯಬೇಕು, ಅಂದ್ರೆ 44 ವರ್ಷ. ಮೂಟೆ ಹೊತ್ತು ಬೆನ್ನು ಬಿದ್ದವರು ಆಫೀಸಿನವರಿಗಿಂತ ಒಂದು ವರ್ಷ ಜಾಸ್ತಿ ಕಟ್ಟಬೇಕಾ ಅನ್ನೋ ಪ್ರಶ್ನೆಗೆ ಸರ್ಕಾರ ಕೊನೆವರೆಗೂ ನೆಟ್ಟಗೆ ಉತ್ತರ ಕೊಡಲಿಲ್ಲ.

ಹೆಂಗಸರದ್ದು ಇನ್ನೊಂದು ಕಥೆ. ಮಕ್ಕಳಿಗೋಸ್ಕರ ಕೆಲಸ ಬಿಟ್ಟು ಮತ್ತೆ ಸೇರಿದವರಿಗೆ ಈ ಬದಲಾವಣೆಯಿಂದ ಸ್ವಲ್ಪ ನಷ್ಟ ಆಗುತ್ತದೆ ಅಂತ ಸರ್ಕಾರದ ಸಚಿವ ಫ್ರಾಂಕ್ ರಿಯೆಸ್ಟರ್ ಅವರೇ ಒಪ್ಪಿಕೊಂಡುಬಿಟ್ಟರು. ವಿರೋಧಿಗಳಿಗೆ ಅಷ್ಟೇ ಸಾಕಾಯ್ತು.

ಬೀದಿಯಲ್ಲಿ ನಡೆದಿದ್ದು

ಜನವರಿ 19ಕ್ಕೆ ಮೊದಲ ಮುಷ್ಕರ. ಒಬ್ಬರನ್ನೊಬ್ಬರು ಕಂಡರಾಗದ ಎಂಟು ಕಾರ್ಮಿಕ ಸಂಘಗಳು 2010ರ ನಂತರ ಮೊದಲ ಸಲ ಒಂದೇ ಬ್ಯಾನರ್ ಹಿಡಿದವು. ಗೃಹ ಸಚಿವಾಲಯದ ಲೆಕ್ಕದಲ್ಲೇ 11.2 ಲಕ್ಷ ಜನ. ಮಾರ್ಚ್ 7ರಂದು ಸಚಿವಾಲಯ 12.8 ಲಕ್ಷ ಅಂದ್ರೆ ಸಿಜಿಟಿ ಸಂಘ 35 ಲಕ್ಷ ಅಂತು. ಪೊಲೀಸರ ಲೆಕ್ಕ ಒಂದು, ಸಂಘಟಕರ ಲೆಕ್ಕ ಇನ್ನೊಂದು. ಇದು ಎಲ್ಲಾ ಊರಲ್ಲೂ ಇರೋದೇ.

ಸುದ್ದಿಯಲ್ಲಿ ಪ್ಯಾರಿಸ್ ಮಾತ್ರ ಕಂಡಿತು. ಆದರೆ ತಾಲ್ಲೂಕು ಮಟ್ಟದ ಊರುಗಳಲ್ಲೂ ಜನ ಸೇರಿದ್ದು ಈ ಹೋರಾಟದ ವಿಶೇಷ. ಕಾರ್ಮಿಕ ಸಚಿವ ಒಲಿವಿಯೆ ದ್ಯುಸೊಪ್ ಹಿಂದೆ ಅನ್ನೊನೆ ಅನ್ನೋ ಸಣ್ಣ ಊರಿನ ಮೇಯರ್ ಆಗಿದ್ದರು. ಹದಿನಾರು ಸಾವಿರ ಚಿಲ್ಲರೆ ಜನಸಂಖ್ಯೆಯ ಆ ಊರಲ್ಲೇ ಸಾವಿರಾರು ಜನ ಮೆರವಣಿಗೆ ಹೋದರು.

ಇಲ್ಲಿನ ಬಂದ್‌ಗೂ ಅಲ್ಲಿನ ಮುಷ್ಕರಕ್ಕೂ ವ್ಯತ್ಯಾಸ ಇದೆ. ಶಟರ್ ಎಳೆಸುತ್ತಾ ಹೋಗುವ ಪದ್ಧತಿ ಅಲ್ಲಿಲ್ಲ, ಅಂಗಡಿಗಳು ಬಹುಪಾಲು ತೆರೆದೇ ಇದ್ದವು. ಪ್ಯಾರಿಸ್‌ನಲ್ಲಿ ಮೆರವಣಿಗೆ ಹೋಗುವ ದಾರಿಯ ಬ್ಯಾಂಕು, ಅಂಗಡಿಯವರು ಮಾತ್ರ ಗಾಜಿಗೆ ಹಲಗೆ ಹೊಡೆಸಿಕೊಂಡರು. ಮುಷ್ಕರ ಮಾಡಿದವರಿಗೆ ಆ ದಿನದ ಸಂಬಳ ಕಟ್. ಬೆಲೆ ಏರಿದ್ದ ಕಾಲ ಬೇರೆ. ಅದಕ್ಕೇ ಸಂಘಗಳು ವಾರಗಟ್ಟಲೆ ಎಳೆಯದೆ ಬಿಡಿ ಬಿಡಿ ದಿನ ಗೊತ್ತು ಮಾಡಿದವು. ಫೆಬ್ರವರಿ 11ರ ಮೆರವಣಿಗೆಯನ್ನು ಶನಿವಾರವೇ ಇಟ್ಟುಕೊಂಡಿದ್ದು ಸಂಬಳ ಕಳೆದುಕೊಳ್ಳಲಾಗದವರೂ ಬರಲಿ ಅಂತ.

ಪಟ್ಟು ಬಿಡದೆ ವಾರಗಟ್ಟಲೆ ನಿಂತವರಲ್ಲಿ ಪ್ಯಾರಿಸ್‌ನ ಪೌರಕಾರ್ಮಿಕರು ಮುಖ್ಯ. ಅವರ ನಿವೃತ್ತಿ 57ರಿಂದ 59ಕ್ಕೆ ಹೋಗಲಿತ್ತು. ಮಾರ್ಚ್ 6ರಿಂದ ಸುಮಾರು ಮೂರು ವಾರ ಕಸ ಎತ್ತೋರಿಲ್ಲ. ಕಸ ಸುಡುವ ಘಟಕಗಳೂ ನಿಂತವು. 10,000 ಟನ್ ಕಸ ಬೀದಿಯಲ್ಲೇ ಉಳೀತು. ರಿಫೈನರಿಗಳಲ್ಲೂ ಮುಷ್ಕರ ನಡೆದು, ಕೆಲವು ಕಡೆ ಪೆಟ್ರೋಲ್ ಬಂಕ್ ಖಾಲಿಯಾದವು.

ಏನಿದು 49.3?

ಮ್ಯಾಕ್ರನ್ ಪಕ್ಷಕ್ಕೆ ಕೆಳಮನೆಯಲ್ಲಿ ಬಹುಮತ ಇರಲಿಲ್ಲ. ಮಾರ್ಚ್ 16ರಂದು ಮತಕ್ಕೆ ಹಾಕಿದರೆ ಸೋಲು ಅನ್ನೋ ಭಯದಲ್ಲಿ ಬೋರ್ನ್ ಸಂವಿಧಾನದ 49ನೇ ವಿಧಿಯ 3ನೇ ಭಾಗ ಬಳಸಿದರು. ಅದರ ಪ್ರಕಾರ ಮಸೂದೆಗೆ ಮತದಾನ ಬೇಡ. ವಿರೋಧ ಇದ್ದರೆ 24 ಗಂಟೆಯೊಳಗೆ ಅವಿಶ್ವಾಸ ನಿರ್ಣಯ ತರಬೇಕು. ಅದು ಬಿದ್ದರೆ ಮಸೂದೆ ಪಾಸ್ ಆದಂತೆ. ನಿರ್ಣಯ ತಂದರು. ಬೇಕಿದ್ದಿದ್ದು 287 ಮತ, ಬಂದಿದ್ದು 278. ಬರೀ 9 ಮತ ಕಮ್ಮಿ.

ಅಲ್ಲಿವರೆಗೆ ಶಾಂತವಾಗಿದ್ದ ಹೋರಾಟ ಇಲ್ಲಿಂದ ಕೆಟ್ಟಿತು. ರಾತ್ರಿ ಹೊತ್ತು ಕಸದ ರಾಶಿಗೆ ಬೆಂಕಿ, ಪೊಲೀಸರ ಲಾಠಿ, ಅಶ್ರುವಾಯು. ಮಾರ್ಚ್ 23ರಂದು ಬೋರ್ಡೊ ನಗರಸಭೆಯ ಬಾಗಿಲಿಗೇ ಬೆಂಕಿ ಬಿತ್ತು. ಬ್ರಿಟನ್ ರಾಜ ಚಾರ್ಲ್ಸ್ ಬರಬೇಕಿದ್ದ ಕಾರ್ಯಕ್ರಮ ಮುಂದಕ್ಕೆ ಹೋಯ್ತು. ವಯಸ್ಸಿನ ಜಗಳ ಅಷ್ಟೊತ್ತಿಗೆ 'ನಮ್ಮನ್ನು ಕೇಳದೇ ಮಾಡಿದ್ರಿ' ಅನ್ನೋ ಜಗಳ ಆಗಿತ್ತು.

ಆಮೇಲೇನಾಯ್ತು?

ಏಪ್ರಿಲ್ 14ಕ್ಕೆ ಸಾಂವಿಧಾನಿಕ ಮಂಡಳಿ 64ರ ಮಿತಿಯನ್ನು ಎತ್ತಿಹಿಡಿಯಿತು. ಅದೇ ರಾತ್ರಿ ಮ್ಯಾಕ್ರನ್ ಸಹಿ ಹಾಕಿದರು. ಮೂರು ದಿನ ಬಿಟ್ಟು ಅವರು ಟಿವಿಯಲ್ಲಿ ಮಾತಾಡುವಾಗ ಜನ ಹೊರಗೆ ನಿಂತು ಪಾತ್ರೆ ಬಡಿದರು. ಜೂನ್ 6ಕ್ಕೆ 14ನೇ ಹಾಗೂ ಕೊನೆಯ ಮುಷ್ಕರ ದಿನ. ಸೆಪ್ಟೆಂಬರ್ 1ರಿಂದ ಕಾನೂನು ಜಾರಿ.

1995ರಲ್ಲಿ ಇದೇ ಫ್ರಾನ್ಸ್‌ನಲ್ಲಿ ಸುಮಾರು ಮೂರು ವಾರ ರೈಲು, ಮೆಟ್ರೊ ನಿಂತಾಗ ಪ್ರಧಾನಿ ಆಲೆನ್ ಜುಪ್ಪೆ ಪಿಂಚಣಿ ಪ್ರಸ್ತಾವ ಕೈಬಿಟ್ಟಿದ್ದರು. 2010ರಲ್ಲಿ ವಯಸ್ಸು 60ರಿಂದ 62ಕ್ಕೆ ಏರಿದಾಗ ಲಕ್ಷಾಂತರ ಜನ ಬೀದಿಗೆ ಬಂದರೂ ಸರ್ಕಾರ ಬಗ್ಗಲಿಲ್ಲ. 2023ರಲ್ಲಿ ಮೆರವಣಿಗೆಗಳು 1995ಕ್ಕಿಂತ ಕಮ್ಮಿ ಇರಲಿಲ್ಲ, ಆದರೆ ದೇಶದ ಚಕ್ರ ಪೂರ್ತಿ ನಿಲ್ಲಲಿಲ್ಲ.

ಕಥೆ ಅಲ್ಲಿಗೆ ಮುಗಿದಿಲ್ಲ. 2025ರ ಅಕ್ಟೋಬರ್‌ನಲ್ಲಿ ಪ್ರಧಾನಿ ಸೆಬಾಸ್ಟಿಯನ್ ಲೆಕೊರ್ನು ತಮ್ಮ ಸರ್ಕಾರ ಉಳಿಸಿಕೊಳ್ಳಲು ಸಮಾಜವಾದಿಗಳ ಬೆಂಬಲ ಬೇಕಾಗಿ, ವಯಸ್ಸು ಏರಿಕೆಯನ್ನು 2028ರ ಜನವರಿವರೆಗೆ ತಡೆಹಿಡಿಯುವುದಾಗಿ ಘೋಷಿಸಿದರು. ಡಿಸೆಂಬರ್‌ನಲ್ಲಿ ಸಂಸತ್ತೂ ಒಪ್ಪಿತು. 1964ರಲ್ಲಿ ಹುಟ್ಟಿದವರು 63 ತುಂಬುವವರೆಗೆ ಕಾಯಬೇಕಿತ್ತು. ಈಗ 62 ವರ್ಷ 9 ತಿಂಗಳಿಗೇ ಪಿಂಚಣಿಗೆ ಅರ್ಜಿ ಹಾಕಬಹುದು. 2027ರ ಅಧ್ಯಕ್ಷ ಚುನಾವಣೆ ಗೆದ್ದವರು ಮುಂದಿನದನ್ನು ತೀರ್ಮಾನಿಸಬೇಕು.