ಮುಂಪಡೆಯ ಬೆವರು, ಹಿಂಪಡೆಯ ಓಟ

1895ರ ಆಗಸ್ಟ್ 29ರಂದು ಉತ್ತರ ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ಪಟ್ಟಣದ ಜಾರ್ಜ್ ಹೋಟೆಲಿನಲ್ಲಿ ಸೇರಿದ ರಗ್ಬಿ ಕ್ಲಬ್ಬುಗಳು ಮೂಲ ಸಂಸ್ಥೆಯಿಂದ ಹೊರಬಂದು ನಾರ್ದರ್ನ್ ಯೂನಿಯನ್ ಎಂಬ ಸಂಘವನ್ನು ಕಟ್ಟಿಕೊಂಡಾಗ, ಜಗಳದ ಬೇರು ಇದ್ದದ್ದು ಆಟದ ನಿಯಮದಲ್ಲಲ್ಲ, ಕೂಲಿಯಲ್ಲಿ: ಪಂದ್ಯಕ್ಕಾಗಿ ಕೆಲಸ ಬಿಟ್ಟ ಗಣಿ ಮತ್ತು ಗಿರಣಿ ಕಾರ್ಮಿಕರಿಗೆ ಕಳೆದುಹೋದ ಸಂಬಳವನ್ನು ಕ್ಲಬ್ಬು ತುಂಬಿಕೊಡಬೇಕೆಂಬುದು ಅವುಗಳ ವಾದವಾಗಿತ್ತು. ಮುಂದೆ ರಗ್ಬಿ ಲೀಗ್ ಎಂದು ಹೆಸರಾದ ಆಟ ಹುಟ್ಟಿದ್ದು ಹೀಗೆ. ಚೆಂಡನ್ನು ಹೊತ್ತು ಎದುರಾಳಿಗಳ ಮೈಮೇಲೆ ನುಗ್ಗುವ, ಮರುಕ್ಷಣವೇ ಅವರನ್ನು ತಡೆದು ಕೆಡವುವ ಫಾರ್ವರ್ಡ್, ಅಂದರೆ ಮುಂಪಡೆಯ ಆಟಗಾರ, ಈ ಆಟದ ದುಡಿಮೆಗಾರ. ಆದರೆ ಅವನ ದುಡಿಮೆಯ ಅರ್ಥ ಎಲ್ಲ ಕಾಲದಲ್ಲೂ ಒಂದೇ ಆಗಿರಲಿಲ್ಲ.

1906ರಲ್ಲಿ ತಂಡದ ಬಲವನ್ನು 15ರಿಂದ 13ಕ್ಕೆ ಇಳಿಸಿದಾಗ ಮುಂಪಡೆ ಎಂಟರಿಂದ ಆರಕ್ಕಿಳಿದು ಅಂಗಳದಲ್ಲಿ ಓಡಲು ಜಾಗ ಹೆಚ್ಚಿತು. ಸಿಕ್ಕಿಬಿದ್ದವನು ಎದ್ದು ನಿಂತು ಚೆಂಡನ್ನು ಕಾಲಿನಿಂದ ಹಿಂದಕ್ಕೆ ಉರುಳಿಸಿ ಆಟ ಮುಂದುವರಿಸುವ ‘ಪ್ಲೇ ದ ಬಾಲ್’ ಪದ್ಧತಿಯೂ ಆಗಲೇ ಬಂತು. ಆದರೂ ಎಷ್ಟು ಸಲ ಸಿಕ್ಕಿಬಿದ್ದರೂ ಚೆಂಡು ತಂಡದಲ್ಲೇ ಉಳಿಯಬಹುದಾಗಿದ್ದರಿಂದ, ಮುಂಪಡೆಯವರು ಅದನ್ನು ಬಹುಹೊತ್ತು ಬಚ್ಚಿಟ್ಟುಕೊಂಡು ಎದುರಾಳಿಯನ್ನು ದಣಿಸುವುದೇ ಜಾಣತನವೆನಿಸಿತ್ತು. 1966ರಲ್ಲಿ ಬ್ರಿಟನ್ನಿನಲ್ಲಿ ನಾಲ್ಕು ಟ್ಯಾಕಲ್‌ಗಳ, ಅಂದರೆ ನಾಲ್ಕು ಸಲ ಸಿಕ್ಕಿಬೀಳುವುದರ, ಮಿತಿ ಬಂದು, 1970ರ ದಶಕದ ಆರಂಭದಲ್ಲಿ ಅದು ಆರಕ್ಕೇರಿತು. ಚೆಂಡು ಕೈಯಲ್ಲಿರುವ ಅವಕಾಶ ಎಣಿಕೆಗೆ ಸಿಕ್ಕ ಮೇಲೆ ಪ್ರತಿ ನುಗ್ಗಾಟಕ್ಕೂ ಬೆಲೆ ಬಂತು.

ಹಿಂಪಡೆಯ, ಅಂದರೆ ಮುಂಪಡೆಯ ಹಿಂದೆ ನಿಂತು ಓಡುವ ಆಟಗಾರರ, ವೇಗ ಮುಂಪಡೆಯ ಶ್ರಮಕ್ಕೆ ಋಣಿಯಾಗುವುದು ಇಲ್ಲಿಯೇ. ಒಬ್ಬನನ್ನು ಕೆಡವಲು ಮೂವರು ಬೇಕಾದರೆ ಆ ಮೂವರೂ ಎದ್ದು ಹಿಂದೆ ಸರಿದು ಸಾಲಿಗೆ ಸೇರಬೇಕು. ಅಷ್ಟರೊಳಗೆ ಬಿದ್ದವನು ಎದ್ದು ಚೆಂಡನ್ನು ಹಿಂದಕ್ಕೆ ಬಿಟ್ಟರೆ, ಅವನ ಬೆನ್ನಿಗೆ ನಿಂತ ‘ಡಮ್ಮಿ ಹಾಫ್’ ಅದನ್ನೆತ್ತಿ ಪಾಸು ಕೊಡುವಾಗ ಎದುರಾಳಿಯ ಸಾಲಿನಲ್ಲಿ ಬಿರುಕು ಉಳಿದಿರುತ್ತದೆ. ಗ್ಯಾಲರಿ ಮೆಚ್ಚುವ ಓಟ ಆ ಬಿರುಕಿನಲ್ಲಿ ನುಸುಳುವ ಓಟ; ಅದನ್ನು ಉಂಟುಮಾಡಿದವನು ಆ ವೇಳೆಗೆ ಇಪ್ಪತ್ತು ಅಡಿ ಹಿಂದೆ ಮಣ್ಣು ಕೊಡವಿಕೊಳ್ಳುತ್ತಿರುತ್ತಾನೆ. ಮೆಚ್ಚುಗೆಯಲ್ಲಿ ಅವನ ಪಾಲು ಸಣ್ಣದಾಗುತ್ತ ಬಂದಿರುವುದು ನ್ಯಾಯವಲ್ಲ.

ಸಿಡ್ನಿಯ ಪಾರಮಾಟಾ ತಂಡ ಇದಕ್ಕೆ ಒಳ್ಳೆಯ ಸಾಕ್ಷಿ. ಜ್ಯಾಕ್ ಗಿಬ್ಸನ್ ತರಬೇತಿಯಲ್ಲಿ 1981ರಿಂದ 1983ರವರೆಗೆ ಸತತ ಮೂರು ಸಲ ಚಾಂಪಿಯನ್ ಆದ ಆ ತಂಡವೆಂದರೆ ಜನರಿಗೆ ಮೊದಲು ನೆನಪಾಗುವುದು ಪೀಟರ್ ಸ್ಟರ್ಲಿಂಗ್, ಬ್ರೆಟ್ ಕೆನ್ನಿ ಮುಂತಾದ ಹಿಂಪಡೆಯವರು. ಮುಂಪಡೆಯ ಹಿಂಬದಿಯಲ್ಲಿ ‘ಲಾಕ್’ ಸ್ಥಾನದಲ್ಲಿ ಆಡುತ್ತಿದ್ದ ರೇ ಪ್ರೈಸ್‌ಗೆ ಮಾತ್ರ ಅಭಿಮಾನಿಗಳು ಇಟ್ಟ ಅಡ್ಡಹೆಸರು ನಿರಂತರ ಚಲನೆಯ ಮನುಷ್ಯ ಎಂಬ ಅರ್ಥದ್ದು. ಅಂಗಳದ ನಡುವೆ ಅವನು ಎದುರಾಳಿಗಳನ್ನು ಒಂದೇ ಸಮನೆ ತಡೆಯುತ್ತಿದ್ದುದರಿಂದ ಸ್ಟರ್ಲಿಂಗ್‌ನಂಥವರ ಕಾಲಿನ ಕಸುವು ದಾಳಿಗೆ ಉಳಿಯುತ್ತಿತ್ತು. ಚೆಂಡು ಎಲ್ಲಿ ಹೋದರೂ ಅವನು ಬೆಂಬಲಕ್ಕೆ ಹಾಜರಿದ್ದುದರಿಂದ ಸಿಕ್ಕಿಬೀಳುತ್ತಿದ್ದವನಿಗೆ ಕೊನೆಯ ಕ್ಷಣದಲ್ಲೂ ಪಾಸು ಕೊಡಲು ಒಂದು ಕೈ ಸಿಗುತ್ತಿತ್ತು. ಯಾರು ಎಷ್ಟು ಟ್ಯಾಕಲ್ ಮಾಡಿದರೆಂದು ಗಿಬ್ಸನ್ ಲೆಕ್ಕ ಇಡುತ್ತಿದ್ದುದು ಈ ಕಾಣದ ಕೆಲಸಕ್ಕೆ ಸಂದ ಗೌರವವೇ ಸರಿ.

1990ರ ದಶಕದಲ್ಲಿ ಎದುರಾಳಿ ಸಾಲು ಹತ್ತು ಮೀಟರ್ ಹಿಂದೆ ಸರಿಯಬೇಕೆಂಬ ನಿಯಮ ಬಂದು ಓಟದ ದೂರ ಬೆಳೆಯಿತು, ಬದಲಿ ಆಟಗಾರರು ಹೆಚ್ಚಿ ದೈತ್ಯದೇಹಿಗಳಿಗೆ ಆಗಾಗ ವಿಶ್ರಾಂತಿಯೂ ಸಿಕ್ಕಿತು. 2016ರಲ್ಲಿ ಆಸ್ಟ್ರೇಲಿಯದ ಲೀಗು ಒಂದು ಪಂದ್ಯದಲ್ಲಿ ಆಟಗಾರರನ್ನು ಬದಲಿಸುವ ಮಿತಿಯನ್ನು ಹತ್ತರಿಂದ ಎಂಟಕ್ಕೆ ಇಳಿಸಿದಾಗ, 80 ನಿಮಿಷವೂ ಬಿಡದೆ ದುಡಿಯಬಲ್ಲ ಮುಂಪಡೆಯವನಿಗೆ ಮತ್ತೆ ಬೇಡಿಕೆ ಬಂತು.