ಸುರುಳಿ ನೀಹಾರಿಕೆಗಳು

ಕಾರ್ತಿಕಮಾಸದ ಕತ್ತಲ ರಾತ್ರಿಯಲ್ಲಿ ಊರಿನ ದೀಪಗಳಿಂದ ದೂರ ಸರಿದು ನಿಂತರೆ, ದೇವಯಾನಿ ಪುಂಜದಲ್ಲಿ ಮಸುಕಾದ ಬೆಳಕಿನ ಮಚ್ಚೆಯೊಂದು ಬರಿಗಣ್ಣಿಗೆ ಕಾಣುವುದು. ಅದು ಸುಮಾರು 25 ಲಕ್ಷ ಜ್ಯೋತಿರ್ವರ್ಷಗಳಾಚೆಯ ಸ್ವತಂತ್ರವಾದ ನಕ್ಷತ್ರಲೋಕವೆಂದು ತಿಳಿಯಲು ಮಾನವನಿಗೆ ಬಹುಕಾಲ ಹಿಡಿಯಿತು.

1845ರಲ್ಲಿ ಐರ್ಲೆಂಡಿನ ಲಾರ್ಡ್ ರಾಸ್ ತನ್ನ ಬಿರ್ ಕೋಟೆಯಲ್ಲಿ 72 ಅಂಗುಲ ಕನ್ನಡಿಯ ದೂರದರ್ಶಕವನ್ನು ನಿಲ್ಲಿಸಿ, ಎಂ 51 ಎಂಬ ನೀಹಾರಿಕೆಯಲ್ಲಿ ಸುಳಿಯಂತೆ ಸುತ್ತಿದ ಬಾಹುಗಳನ್ನು ಕಂಡು ಕೈಯಿಂದ ಚಿತ್ರಿಸಿದನು. ಈ ಸುರುಳಿಗಳು ನಮ್ಮ ಆಕಾಶಗಂಗೆಯ ಒಳಗಿನವೇ, ಹೊರಗಿನವೇ? 1920ರಲ್ಲಿ ಷೇಪ್ಲಿ ಮತ್ತು ಕರ್ಟಿಸ್ ಎಂಬ ವಿದ್ವಾಂಸರು ವಾಷಿಂಗ್ಟನ್ನಿನಲ್ಲಿ ಈ ಬಗ್ಗೆ ವಾದಿಸಿದರೂ ಪ್ರಶ್ನೆ ಬಗೆಹರಿಯಲಿಲ್ಲ. ಹೆನ್ರಿಯೆಟಾ ಲೆವಿಟ್ ಎಂಬ ಮಹಿಳೆ 1912ರಲ್ಲಿ, ಒಂದು ಬಗೆಯ ಮಿಡಿಯುವ ನಕ್ಷತ್ರಗಳ ಅವಧಿಗೂ ಕಾಂತಿಗೂ ಇರುವ ನಿಯಮವನ್ನು ಪ್ರಕಟಿಸಿದ್ದಳು. 1923ರಲ್ಲಿ ಎಡ್ವಿನ್ ಹಬಲ್ ದೇವಯಾನಿಯಲ್ಲಿ ಅಂತಹ ನಕ್ಷತ್ರವೊಂದನ್ನು ಹಿಡಿದು, ಆ ನಿಯಮದಿಂದಲೇ ಅದರ ದೂರವನ್ನು ಅಳೆದನು. ಆ ವೇಳೆಗೆ ಲೆವಿಟ್ ತೀರಿಕೊಂಡು ಎರಡು ವರ್ಷಗಳಾಗಿದ್ದುವು.

1926ರಲ್ಲಿ ಹಬಲ್ ಈ ಲೋಕಗಳನ್ನು ರೂಪದಿಂದ ವಿಂಗಡಿಸಿದನು. ಕೆಲವು ಸುರುಳಿಗಳಲ್ಲಿ ನಡುವೆ ನೇರವಾದ ಬೆಳಕಿನ ದಂಡವೊಂದಿದ್ದು, ಅದರ ತುದಿಗಳಿಂದ ಬಾಹುಗಳು ಹೊರಡುವುವು. ಉಳಿದವುಗಳಲ್ಲಿ ದಂಡವಿಲ್ಲ, ಬಾಹುಗಳು ಕೇಂದ್ರದಿಂದಲೇ ಚಿಮ್ಮುವುವು. ಇವನ್ನು ಅವನು ಎ, ಬಿ, ಸಿ ಎಂದು ಮೂರು ಮೆಟ್ಟಿಲುಗಳಲ್ಲಿ ಇರಿಸಿದನು. ಎ ವರ್ಗದಲ್ಲಿ ಕೇಂದ್ರದ ಉಬ್ಬು ದೊಡ್ಡದು, ಬಾಹುಗಳು ಚಕ್ಕುಲಿಯ ಸುತ್ತಿನಂತೆ ಬಿಗಿ. ಸಿ ವರ್ಗದಲ್ಲಿ ಉಬ್ಬು ಕಿರಿದು, ಬಾಹುಗಳು ಬಿಚ್ಚಿ ಹರಡಿರುವುವು. ತ್ರಿಕೋಣ ಪುಂಜದ ಎಂ 33 ಈ ಕೊನೆಯ ವರ್ಗದ್ದು. ಇವು ಬಾಲ್ಯ, ಯೌವನ, ಮುಪ್ಪುಗಳೆಂದು ಭಾವಿಸಕೂಡದು. ತನ್ನ ವಿಂಗಡಣೆ ಕೇವಲ ರೂಪವನ್ನು ಆಧರಿಸಿದ್ದೆಂದು ಹಬಲನೇ ಹೇಳಿದ್ದನು.

ದಂಡವುಳ್ಳವು, ಇಲ್ಲದವು ಎಂಬ ಗೆರೆಯೂ ಅಷ್ಟು ಖಚಿತವಲ್ಲ. 1959ರಲ್ಲಿ ಡಿ ವೊಕೂಲರ್ ಎರಡರ ನಡುವೆ ಮಿಶ್ರವರ್ಗವೊಂದನ್ನು ಸೇರಿಸಿದನು. ದಂಡವಿಲ್ಲದ್ದೆಂದು ಬಹುಕಾಲ ಎಣಿಸಿದ್ದ ದೇವಯಾನಿಯಲ್ಲಿಯೇ ದಂಡವು ಅಡಗಿರುವುದನ್ನು 2006ರಲ್ಲಿ ಅವರಕ್ತ ಕಿರಣಗಳ ಚಿತ್ರಗಳು ಸೂಚಿಸಿದುವು.

ಹಾಗಾದರೆ ಈ ಹೆಸರುಗಳಿಂದ ಪ್ರಯೋಜನವೇನು? 1973ರಲ್ಲಿ ಆಸ್ಟ್ರೈಕರ್ ಮತ್ತು ಪೀಬಲ್ಸ್ ಲೆಕ್ಕಮಾಡಿ ನೋಡಿದಾಗ, ತಿರುಗುವ ತೆಳು ನಕ್ಷತ್ರಚಕ್ರವು ತಾನಾಗಿಯೇ ಬೇಗನೆ ದಂಡವಾಗಿ ಮಾರ್ಪಡುವುದೆಂದು ಕಂಡಿತು. ಅದು ದಂಡವಾಗದೆ ಉಳಿಯಬೇಕಾದರೆ ಸುತ್ತಲೂ ಕಾಣದ ಭಾರವಾದ ವಸ್ತುವಿರಬೇಕೆಂದು ಅವರು ತರ್ಕಿಸಿದರು. ಈ ವಾದಕ್ಕೆ ಅನಂತರ ತಿದ್ದುಪಡಿಗಳಾಗಿವೆ. ಆದರೂ ಕಣ್ಣಿಗೆ ಕಂಡ ಆಕಾರವನ್ನು ಪ್ರಾಮಾಣಿಕವಾಗಿ ಬರೆದಿಟ್ಟುದರಿಂದಲೇ, ಕಣ್ಣಿಗೆ ಕಾಣದುದನ್ನು ಕುರಿತು ಕೇಳುವ ಧೈರ್ಯ ನಮಗೆ ಬಂದಿತು.